ಹೊಸ ಪಿಸ್ಟನ್ ಹಾಕಿಸಿದರೂ ಚೇತಕ್ ಇಂಜಿನ್ ಯಾಕೆ ಹಿಡ್ಕೊಳ್ಳುತ್ತೆ? ಹಳೇ ಸ್ಕೂಟರಿಗೆ ಸಾಮಾನು ತರೋ ಮುಂಚೆ ಗೊತ್ತಿರಬೇಕಾದ ಸಂಗತಿಗಳು

ರಾಯಚೂರು: ಮೇ ತಿಂಗಳ ಮಧ್ಯಾಹ್ನ, ದೇವದುರ್ಗದಿಂದ ರಾಯಚೂರಿಗೆ ಹಳೇ ಚೇತಕ್ ಒಂದು ಬರುತ್ತಿದೆ ಅಂದುಕೊಳ್ಳಿ. ಹಿಂದೆ ಹೆಂಡತಿ, ಮುಂದೆ ನಿಂತ ಮಗು, ಕಾಲ ಹತ್ತಿರ ಒಂದು ಚೀಲ. ಹೋದ ವಾರ ತಾನೇ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ಗಾಡಿ. ಗಬ್ಬೂರು ದಾಟಿ ಒಂದಿಷ್ಟು ದೂರ ಬರುವಷ್ಟರಲ್ಲಿ ಇಂಜಿನ್ ಸದ್ದು ಒಮ್ಮೆಲೇ ಕುಗ್ಗುತ್ತೆ. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗಾಗುತ್ತೆ. ಹಿಂದಿನ ಗಾಲಿ ತಿರುಗೋದು ನಿಂತು ಡಾಂಬರಿನ ಮೇಲೆ ಜಾರೋಕೆ ಶುರುವಾಗುತ್ತೆ. ಆ ಕ್ಷಣಕ್ಕೆ ಕ್ಲಚ್ ಹಿಡಿದವರು ಗಾಡಿ ಬದಿಗೆ ತರುತ್ತಾರೆ. ಹಿಡಿಯದವರು ಬೀಳುತ್ತಾರೆ.

ಇದಕ್ಕೇ ಗ್ಯಾರೇಜಿನಲ್ಲಿ 'ಇಂಜಿನ್ ಹಿಡ್ಕೊಂಡೈತಿ', 'ಜಾಮ್ ಆಗೈತಿ', 'ಸೀಜ್ ಆಗೈತಿ' ಅಂತಾರೆ. ಗಾಡಿ ಮಾಲೀಕರು ಪಿಸ್ಟನ್ ಕೊಟ್ಟ ಅಂಗಡಿಗೆ ಹೋಗಿ ಜಗಳ ತೆಗೀತಾರೆ. ಅಂಗಡಿಯವರು ಮಿಸ್ತ್ರಿಯ ಕಡೆ ಬೆರಳು ತೋರಿಸ್ತಾರೆ, ಮಿಸ್ತ್ರಿ ಲೇತ್‌ನವರ ಕಡೆ ತೋರಿಸ್ತಾರೆ. ತಪ್ಪು ಬಹಳ ಸಲ ಈ ಮೂವರ ನಡುವಿನ ಸಂದಿಯಲ್ಲೇ ಇರುತ್ತೆ. ಸಾಮಾನು ಛಲೋ ಇದ್ದರೂ ಕೂಡಿಸಿದ್ದು ತಪ್ಪಾಗಿರಬಹುದು. ಕೂಡಿಸಿದ್ದು ಸರಿ ಇದ್ದರೂ ಅದಕ್ಕೆ ಹೊಂದಬೇಕಾದ ಇನ್ನೊಂದು ಸಾಮಾನು ಹಳೇದೇ ಉಳಿದಿರಬಹುದು.

ರಾಯಚೂರು ನಗರ, ಮಾನ್ವಿ, ದೇವದುರ್ಗದಲ್ಲಿ ಹಳೇ ಸ್ಕೂಟರ್ ಇಟ್ಟುಕೊಂಡವರು ಎರಡು ಥರ. ಒಬ್ಬರಿಗೆ ಅದು ಇವತ್ತಿಗೂ ದುಡಿಮೆ ಗಾಡಿ. ಹಾಲಿನ ಕ್ಯಾನು, ಬಟ್ಟೆ ಗಂಟು, ತರಕಾರಿ ಚೀಲ, ಎಲ್ಲಾ ಅದರ ಮೇಲೇ. ಇನ್ನೊಬ್ಬರು ಅಪ್ಪನ ಗಾಡಿಯನ್ನ ಕೊಟ್ಟಿಗೆಯಿಂದ ಹೊರಗೆ ತೆಗೆದು ಬಣ್ಣ ಹೊಡೆಸಿ ಓಡಿಸೋ ಹುಡುಗರು. ಮೊದಲನೆಯವರಿಗೆ ಕಮ್ಮಿ ರೇಟಿನ ಸಾಮಾನು ಬೇಕು, ಎರಡನೆಯವರಿಗೆ ಜಾಸ್ತಿ ಪಿಕಪ್ ಬೇಕು. ಇಬ್ಬರೂ ಕೊಳ್ಳೋದು ಮಾತ್ರ ಕಂಪನಿಯಿಂದ ಬರದ, ಹೊರಗಿನವರು ಮಾಡಿದ ಮಾಲು. ಅದನ್ನೇ ಆಫ್ಟರ್‌ಮಾರ್ಕೆಟ್ ಅನ್ನೋದು.

ಕಂಪನಿ ಮಾಲು ಯಾಕೆ ಸಿಗಲ್ಲ

ಬಜಾಜ್ ಚೇತಕ್ ಶುರುವಾಗಿದ್ದು 1972ರಲ್ಲಿ. ಅದರ ಹಿಂದೆ ಬಜಾಜ್ ಕಂಪನಿ ಇಟಲಿಯ ಪಿಯಾಜಿಯೊ ಲೈಸೆನ್ಸ್ ಮೇಲೆ ವೆಸ್ಪಾ ಮಾಡುತ್ತಿತ್ತು. ಚೇತಕ್ ಇಂಜಿನ್ ಅದೇ ವೆಸ್ಪಾದ ತಳಿ. ಆಗ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು, ಮದುವೆ ಮಾತುಕತೆಯಲ್ಲಿ ಸ್ಕೂಟರ್ ಹೆಸರು ಬರುತ್ತಿತ್ತು. 2000ದ ಏಪ್ರಿಲ್‌ನಿಂದ ಹೊಗೆ ನಿಯಮ ಬಿಗಿಯಾದ ಮೇಲೆ ಟೂ ಸ್ಟ್ರೋಕ್ ಗಾಡಿಗಳ ಕಾಲ ಮುಗಿಯುತ್ತಾ ಬಂತು. ಆ ದಶಕದ ಕೊನೆಗೆ ಬಜಾಜ್ ಸ್ಕೂಟರ್ ಮಾಡೋದನ್ನೇ ಬಿಟ್ಟಿತು. 2020ರಲ್ಲಿ ಮತ್ತೆ ಬಂದ ಚೇತಕ್ ಕರೆಂಟಿನದು. ಅದರ ಶೋರೂಮಿಗೆ ಹೋಗಿ ಹಳೇ ಚೇತಕ್ ರಿಂಗ್ ಕೇಳಿದರೆ ಕೌಂಟರಿನ ಹುಡುಗ ಮುಖ ನೋಡ್ತಾನೆ, ಅಷ್ಟೇ.

ವಿಜಯ್ ಸೂಪರ್ ಕಥೆ ಇನ್ನೂ ಹಿಂದಿನದು. ಇಟಲಿಯ ಇನ್ನೊಸೆಂಟಿ ಕಂಪನಿಯ ಲ್ಯಾಂಬ್ರೆಟಾ ಯಂತ್ರಗಳನ್ನ ಕೇಂದ್ರ ಸರ್ಕಾರ ಕೊಂಡು ತಂದು, 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಶುರು ಮಾಡಿತು. ಅಲ್ಲಿ ಸ್ಕೂಟರ್ ತಯಾರಿ 1990ರ ದಶಕದಲ್ಲೇ ನಿಂತಿತು. ಕಂಪನಿಯನ್ನೇ ಮುಚ್ಚೋಕೆ 2021ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಕಾನ್ಪುರದ ಎಲ್‌ಎಂಎಲ್ ಕೂಡ ಈಗಿಲ್ಲ.

ಹಾಗಾಗಿ ಇವತ್ತು ಜಿಲ್ಲೆಗೆ ಬರೋ ಸಾಮಾನಿಗೆ ದಾರಿ ಮೂರು: ಸಿಕಂದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆ, ಇಲ್ಲವೇ ಆನ್‌ಲೈನ್. ಈ ಮೂರೂ ಕಡೆ ಒಳ್ಳೇದೂ ಸಿಗುತ್ತೆ, ಕೆಟ್ಟದ್ದೂ ಸಿಗುತ್ತೆ. ಬೆಂಗಳೂರಿನ ಯಲಹಂಕದಲ್ಲಿ ಫ್ಯಾಕ್ಟರಿ ಇರೋ ಗೋಯೆಟ್ಜೆ, ಗಾಜಿಯಾಬಾದಿನ ಶ್ರೀರಾಮ್ ಕಂಪನಿಯ ಉಷಾ, ಇಂಥವು ಪಿಸ್ಟನ್ ಮತ್ತು ರಿಂಗಿನಲ್ಲಿ ಹಳೇ ಹೆಸರುಗಳು. ತೊಂದರೆ ಏನಂದ್ರೆ ಹೆಸರು ದೊಡ್ಡದಾದಷ್ಟೂ ಅದರ ಡಬ್ಬಿಯನ್ನ ನಕಲು ಮಾಡೋರಿಗೆ ಲಾಭ ಜಾಸ್ತಿ.

ಪಿಸ್ಟನ್: ಕೂದಲೆಳೆಯಷ್ಟು ಸಂದಿಯ ಲೆಕ್ಕ

ಚೇತಕ್ ಬೋರ್ 57 ಮಿ.ಮೀ., ಸ್ಟ್ರೋಕ್ 57 ಮಿ.ಮೀ. ಲೆಕ್ಕ ಹಾಕಿದರೆ 145.45 ಸಿಸಿ. ವಿಜಯ್ ಸೂಪರ್ 150ಕ್ಕೂ ಬೋರ್ 57 ಮಿ.ಮೀ.ಯೇ, ಸ್ಟ್ರೋಕ್ ಮಾತ್ರ 58. ಅಳತೆ ಒಂದೇ ಅಂತ ಕೌಂಟರಿನಲ್ಲಿ ಒಂದರ ಪಿಸ್ಟನ್ ಇನ್ನೊಂದಕ್ಕೆ ಕೊಟ್ಟರೆ ಕೆಲಸ ಕೆಟ್ಟಿತು. ಪಿನ್ ಕೂರೋ ಎತ್ತರ, ಪಕ್ಕದ ಕಿಂಡಿಗಳು, ಎಲ್ಲಾ ಬೇರೆ.

ಪಿಸ್ಟನ್ ಅಲ್ಯುಮಿನಿಯಂದು, ಬ್ಲಾಕ್ ಬೀಡು ಕಬ್ಬಿಣದ್ದು. ಬಿಸಿಯಾದಾಗ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚೂ ಕಮ್ಮಿ ಎರಡು ಪಟ್ಟು ಹಿಗ್ಗುತ್ತೆ. ಅದಕ್ಕೇ ಎರಡರ ನಡುವೆ ಕೂದಲೆಳೆಯಷ್ಟು ಸಂದಿ ಬಿಡಬೇಕು. ಸಂದಿ ಕಮ್ಮಿಯಾದರೆ ಬಿಸಿಲಲ್ಲಿ ಪಿಸ್ಟನ್ ಹಿಗ್ಗಿ ಬ್ಲಾಕನ್ನ ಕಚ್ಚುತ್ತೆ. ಜಾಸ್ತಿಯಾದರೆ ಕಟಕಟ ಸದ್ದು, ಕಂಪ್ರೆಷನ್ ಕಮ್ಮಿ, ಬೇಗ ಸವೆತ. ಒಳ್ಳೇ ಕಂಪನಿಗಳು ಅಲ್ಯುಮಿನಿಯಂಗೆ ಸಿಲಿಕಾನ್ ಸೇರಿಸಿ ಹಿಗ್ಗೋದನ್ನ ಕಮ್ಮಿ ಮಾಡ್ತವೆ. ಗುಜರಿ ಅಲ್ಯುಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ದ ಪಿಸ್ಟನ್‌ನಲ್ಲಿ ಈ ಲೆಕ್ಕ ಇರಲ್ಲ. ನೋಡೋಕೆ ಎರಡೂ ಒಂದೇ ಥರ ಮಿಂಚ್ತಾವೆ. ವ್ಯತ್ಯಾಸ ಗೊತ್ತಾಗೋದು 42 ಡಿಗ್ರಿ ಬಿಸಿಲಿನಲ್ಲಿ, ಇಬ್ಬರನ್ನ ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಏರು ಹತ್ತುವಾಗ.

ಇಲ್ಲಿ ಲೇತ್ ಕೆಲಸದ ಪಾಲು ದೊಡ್ಡದು. ಬ್ಲಾಕ್ ಸವೆದಾಗ ಅದನ್ನ ಕೊರೆದು ಒಂದು ಸೈಜ್ ಮೇಲಿನ ಪಿಸ್ಟನ್ ಹಾಕ್ತಾರೆ. ಕ್ರಮ ಏನಂದ್ರೆ ಮೊದಲು ಪಿಸ್ಟನ್ ತರಬೇಕು, ಅದನ್ನ ಮೈಕ್ರೋಮೀಟರಿನಲ್ಲಿ ಅಳೀಬೇಕು, ಆಮೇಲೆ ಆ ಅಳತೆಗೆ ಬೋರ್ ಹೊಡೀಬೇಕು. ಬಹಳ ಕಡೆ ನಡೆಯೋದು ಉಲ್ಟಾ. ಡಬ್ಬಿ ಮೇಲಿನ ನಂಬರ್ ನೋಡಿ ಮೊದಲೇ ಬೋರ್ ಹೊಡೆದಿಡ್ತಾರೆ, ಆಮೇಲೆ ಯಾವ ಕಂಪನಿ ಪಿಸ್ಟನ್ ಸಿಕ್ಕರೆ ಅದನ್ನ ಹಾಕ್ತಾರೆ. ಒಂದು ಕಂಪನಿಯ 0.50 ಇನ್ನೊಂದು ಕಂಪನಿಯ 0.50ಕ್ಕೆ ನೂರನೇ ಭಾಗದಷ್ಟು ವ್ಯತ್ಯಾಸ ಇದ್ದರೂ ಸಂದಿಯ ಲೆಕ್ಕ ತಪ್ಪಿತು.

ಇನ್ನೊಂದು ಮಾತು ಈಗಿನ ಹುಡುಗ ಮಿಸ್ತ್ರಿಗಳಿಗೆ ಗೊತ್ತಿಲ್ಲದೇ ಹೋಗುತ್ತಿದೆ. ಅವರು ಕಲಿತಿದ್ದೆಲ್ಲಾ ಫೋರ್ ಸ್ಟ್ರೋಕ್ ಬೈಕಿನ ಮೇಲೆ. ಅದರ ಬೋರ್ ಒಳಗೆ ಗೋಡೆ ನುಣ್ಣಗೆ ಇರುತ್ತೆ. ಟೂ ಸ್ಟ್ರೋಕ್ ಬ್ಲಾಕಿನ ಗೋಡೆಯಲ್ಲಿ ಗಾಳಿ-ಪೆಟ್ರೋಲು ಬರೋಕೆ, ಹೊಗೆ ಹೋಗೋಕೆ ಕಿಂಡಿಗಳಿರ್ತವೆ. ಬೋರ್ ಹೊಡೆದ ಮೇಲೆ ಆ ಕಿಂಡಿಗಳ ಅಂಚು ಬ್ಲೇಡಿನ ಹಾಗೆ ಚೂಪಾಗುತ್ತೆ. ಅರದಿಂದ, ಇಲ್ಲವೇ ಎಮರಿಯಿಂದ ಅಂಚು ಮುರಿಯದೇ ಹಾಗೇ ಫಿಟ್ ಮಾಡಿದರೆ ರಿಂಗ್ ಅದಕ್ಕೆ ಸಿಕ್ಕಿಕೊಂಡು ತುಂಡಾಗುತ್ತೆ. ತುಂಡು ರಿಂಗ್ ಬ್ಲಾಕ್ ಗೀರುತ್ತೆ, ಬೈಗುಳ ಮಾತ್ರ ರಿಂಗ್ ಕಂಪನಿಗೆ. ಪಿಸ್ಟನ್ ಗಾಡಿಯಲ್ಲಿ ರಿಂಗ್ ತಿರುಗದಂತೆ ಒಂದು ಸಣ್ಣ ಪಿನ್ ಇರುತ್ತೆ. ಕಮ್ಮಿ ದರ್ಜೆಯ ಮಾಲಿನಲ್ಲಿ ಅದು ಸಡಿಲ. ಉಗುರಿನಿಂದ ಒತ್ತಿ ನೋಡಿದರೆ ಅಲ್ಲಾಡೋ ಪಿಸ್ಟನ್ನನ್ನ ಅಂಗಡಿಯಲ್ಲೇ ವಾಪಸ್ ಕೊಡೋದು ಛಲೋ. ರಿಂಗ್ ಒಂದನ್ನೇ ಬೋರ್ ಒಳಗೆ ಇಳಿಸಿ, ಅದರ ಎರಡು ತುದಿಗಳ ನಡುವಿನ ಸಂದಿಯನ್ನ ಫೀಲರ್ ಗೇಜಿನಲ್ಲಿ ನೋಡೋದು ಎರಡು ನಿಮಿಷದ ಕೆಲಸ. ಕೇಳಿದರೆ ಮಿಸ್ತ್ರಿಗಳು ಮಾಡಿ ತೋರಿಸ್ತಾರೆ, ಕೇಳೋರು ಬೇಕು.

ಇಷ್ಟೆಲ್ಲಾ ಸರಿ ಇದ್ದೂ ಗಾಡಿ ಪದೇ ಪದೇ ಹಿಡ್ಕೊಳ್ಳೋದುಂಟು. ಆಗ ಅನುಮಾನ ಪಡಬೇಕಾದ್ದು ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಮೇಲೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರೋ ಚೇಂಬರೇ ಪೆಟ್ರೋಲು-ಗಾಳಿಯನ್ನ ಎಳೆದು ಮೇಲಕ್ಕೆ ತಳ್ಳುತ್ತೆ. ಆ ಸೀಲ್ ಗಟ್ಟಿಯಾಗಿ ಸಂದಿ ಬಿಟ್ಟರೆ ಪಕ್ಕದಿಂದ ಬರೀ ಗಾಳಿ ನುಗ್ಗುತ್ತೆ. ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ, ಅದರ ಜತೆ ಬರೋ ಎಣ್ಣೆಯೂ ಕಮ್ಮಿ. ಉರಿ ಏರುತ್ತೆ, ಪಿಸ್ಟನ್ ಕಚ್ಚುತ್ತೆ. ಗೇರ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಬಂದು ಬಿಳಿ ಹೊಗೆ ಹೊಡೆಯುತ್ತೆ, ಪ್ಲಗ್ ಒದ್ದೆಯಾಗುತ್ತೆ, ಅದನ್ನ ಎಲ್ಲರೂ ಕಂಡು ಹಿಡೀತಾರೆ. ಮ್ಯಾಗ್ನೆಟ್ ಕಡೆಯದ್ದು ಹೊಗೆ ತೋರಿಸಲ್ಲ. ಇಂಜಿನ್ ಬಿಸಿಯಾದಾಗ ಎಕ್ಸಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೇ ಗುಂಯ್ ಅಂತ ಓಡಿದರೆ ಅದೇ ಸೂಚನೆ. ಪಿಸ್ಟನ್ ಸೆಟ್ಟಿನ ಮುಂದೆ ಸೀಲಿನ ರೇಟು ಏನೇನೂ ಅಲ್ಲ. ಆದರೂ ಇಂಜಿನ್ ಬಿಚ್ಚಿದಾಗ ಹಳೇ ಸೀಲನ್ನೇ ಒರೆಸಿ ಹಾಕೋ ಚಾಳಿ ಇನ್ನೂ ಹೋಗಿಲ್ಲ.

ಶೇ. 20 ಎಥನಾಲ್, ಕಾರ್ಬೊರೇಟರ್ ಮತ್ತು ತಂತಿ

2023ರ ಫೆಬ್ರವರಿಯಲ್ಲಿ ಪ್ರಧಾನಿ ಬೆಂಗಳೂರಿನಲ್ಲಿ ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅಂದರೆ ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥನಾಲ್. ಈಗ ಬಂಕುಗಳಲ್ಲಿ ಸಿಗೋದು ಹೆಚ್ಚಾಗಿ ಅದೇ. 1980ರ ಸ್ಕೂಟರಿಗೆ ಇದು ಎರಡು ಥರ ತ್ರಾಸು ಕೊಡುತ್ತೆ.

ಒಂದು, ರಬ್ಬರ್. ಎಥನಾಲ್ ತಾಗಿದ ಹಳೇ ಕಾಲದ ರಬ್ಬರ್ ಕೆಲವು ಉಬ್ಬುತ್ತೆ, ಕೆಲವು ಬಿರುಕು ಬಿಡುತ್ತೆ. ಪೆಟ್ರೋಲ್ ಪೈಪು, ಕಾಕ್ ಒಳಗಿನ ವಾಷರ್, ಫ್ಲೋಟ್ ಸೂಜಿಯ ತುದಿ, ಆಯಿಲ್ ಸೀಲ್, ಎಲ್ಲಾ ಇದೇ ಸಾಲಿನಲ್ಲಿ ಬರ್ತವೆ. ಅಗ್ಗದ ಸೀಲ್ ಬೇಗ ಹೋಗೋದಕ್ಕೆ ಇದೂ ಒಂದು ಕಾರಣ. ವಿಟಾನ್ ಅನ್ನೋ ಜಾತಿಯ ರಬ್ಬರಿನ ಸೀಲ್ ಬಿಸಿಯನ್ನೂ ಎಥನಾಲನ್ನೂ ತಡೀತದೆ. ಬಹಳ ಸಲ ಅದು ಕಂದು ಬಣ್ಣದ್ದಿರುತ್ತೆ. ಕಂದು ಬಣ್ಣ ಇದ್ದದ್ದೆಲ್ಲಾ ವಿಟಾನ್ ಅಲ್ಲ, ಡಬ್ಬಿ ಮೇಲೆ ಬರೆದಿರಬೇಕು.

ಇನ್ನೊಂದು, ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿರುತ್ತೆ. ಹಾಗಾಗಿ ಅದೇ ಜೆಟ್‌ನಲ್ಲಿ ಮಿಶ್ರಣ ತೆಳ್ಳಗಾಗುತ್ತೆ. ಹೊಸ ಗಾಡಿಗಳಲ್ಲಿ ಸೆನ್ಸರ್ ಇದನ್ನ ಸರಿ ಮಾಡಿಕೊಳ್ಳುತ್ತೆ. ಚೇತಕ್ ಕಾರ್ಬೊರೇಟರಿಗೆ ಅದೇನೂ ಗೊತ್ತಿಲ್ಲ, ಜೆಟ್ ತೂತು ಎಷ್ಟಿದೆಯೋ ಅಷ್ಟು ಪೆಟ್ರೋಲು ಬಿಡುತ್ತೆ. ಆ ತೂತಿನ ಲೆಕ್ಕ ಕೇಳಿ. ಜೆಟ್ ಮೇಲೆ 100 ಅಂತಿದ್ದರೆ ತೂತು 1.00 ಮಿ.ಮೀ., 105 ಇದ್ದರೆ 1.05 ಮಿ.ಮೀ. ಕಣ್ಣಿಗೆ ಕಾಣದ ಈ ವ್ಯತ್ಯಾಸಕ್ಕೆ ತೂತಿನ ವಿಸ್ತೀರ್ಣ ಶೇ. 10ರಷ್ಟು ಹೆಚ್ಚುತ್ತೆ. ಇಂಥಾದ್ದರೊಳಗೆ ಕ್ಲಚ್ ವೈರಿನ ಎಳೆ ಹಾಕಿ ಆಡಿಸಿ 'ಸಾಫ್ ಮಾಡಿದೆ' ಅಂದರೆ ಜೆಟ್ ಹಾಳಾಯ್ತು ಅಂತಲೇ ಅರ್ಥ. ಗಾಳಿ ಹೊಡೆದು ಸಾಫ್ ಮಾಡಬೇಕು. ನಂಬರ್ ಬದಲಿಸಬೇಕಾದರೆ ಹೊಸ ಜೆಟ್ ತರಬೇಕು.

ಸರಿ ಇದೆಯೋ ಇಲ್ಲವೋ ಅಂತ ಪ್ಲಗ್ ಹೇಳುತ್ತೆ. ಮೂರ್ನಾಲ್ಕು ಕಿ.ಮೀ. ಓಡಿಸಿ, ಆಫ್ ಮಾಡಿ, ಬಿಚ್ಚಿ ನೋಡಿ. ಚಹಾದ ಬಣ್ಣ ಇದ್ದರೆ ಸರಿ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಪೆಟ್ರೋಲು ಕಮ್ಮಿ, ಅದು ಅಪಾಯ. ಕರ್ರಗೆ ಜಿಡ್ಡಾಗಿದ್ದರೆ ಜಾಸ್ತಿ. ಪ್ಲಗ್ ನಂಬರಿನಲ್ಲೂ ಒಂದು ಮೋಸ ಹೋಗೋ ಜಾಗ ಇದೆ. ಬಾಷ್, ಅಂದರೆ ಹಿಂದಿನ ಮೈಕೊ, ಈಗಿನ ಪ್ಲಗ್‌ಗಳಲ್ಲಿ ಅಂಕಿ ಕಮ್ಮಿಯಾದಷ್ಟೂ ಪ್ಲಗ್ ತಂಪು. ಎನ್‌ಜಿಕೆಯಲ್ಲಿ ಅಂಕಿ ಜಾಸ್ತಿಯಾದಷ್ಟೂ ತಂಪು. ಒಂದರ 7 ಇಲ್ಲ ಅಂತ ಇನ್ನೊಂದರ 7 ಕೊಡೋ ಹಾಗಿಲ್ಲ.

2ಟಿ ಆಯಿಲ್ ವಿಷಯಕ್ಕೂ ಇದೇ ತೆಳ್ಳಗಿನ ಲೆಕ್ಕ ಬರುತ್ತೆ. ಚೇತಕ್‌ಗೆ ಲೀಟರಿಗೆ 20 ಎಂ.ಎಲ್. ರೂಢಿ. ಸೀಜ್ ಆದೀತು ಅಂತ ಹೆದರಿ ಮೂರು ಪಟ್ಟು ಸುರಿದರೆ, ಅದೇ ತೂತಿನಿಂದ ಬರೋ ಪೆಟ್ರೋಲಿನ ಪಾಲು ಕಮ್ಮಿಯಾಗುತ್ತೆ. ಎಣ್ಣೆ ಜಾಸ್ತಿ ಹಾಕಿ ಇಂಜಿನ್ ಇನ್ನಷ್ಟು ಬಿಸಿ ಮಾಡಿಕೊಂಡ ಹಾಗೆ. ಬ್ಯಾರೆ ಹೊಗೆ, ಬ್ಯಾರೆ ಇಂಗಾಲ.

ಪಿಕಪ್ ಹೆಚ್ಚಿಸೋ ಸಾಮಾನು

ಈಗ ಹುಡುಗರು ಕೇಳೋ ವಿಷಯ. ಇಟಲಿಯ ಪೋಲಿನಿ, ಮಲೋಸಿ, ಪಿನಾಸ್ಕೊ ಕಂಪನಿಗಳು ವೆಸ್ಪಾಕ್ಕೆ ದಶಕಗಳಿಂದ ದೊಡ್ಡ ಬೋರ್ ಕಿಟ್ ಮಾಡ್ತವೆ. 57 ಮಿ.ಮೀ. ಬದಲು 63 ಮಿ.ಮೀ. ಪಿಸ್ಟನ್ ಹಾಕಿದರೆ 177 ಸಿಸಿ. ಅವು ಅಲ್ಲಿ ಓಡ್ತವೆ ಅನ್ನೋದು ಖರೆ. ಆದರೆ ಅವರು ಕಿಟ್ ಜತೆ ಜೆಟ್, ಸೈಲೆನ್ಸರ್, ಟೈಮಿಂಗ್ ಎಲ್ಲಾ ಬದಲಿಸ್ತಾರೆ, ಅಲ್ಲಿ ಇಷ್ಟು ಬಿಸಿಲೂ ಇಲ್ಲ. ಆನ್‌ಲೈನಿನಲ್ಲಿ ಅದೇ ಅಳತೆ ಹೇಳಿ ಕಮ್ಮಿ ದುಡ್ಡಿಗೆ ಸಿಗೋ ಕಿಟ್‌ಗಳಲ್ಲಿ ಬ್ಲಾಕ್ ಒಳಗಿನ ಕಿಂಡಿಗಳು ಸೊಟ್ಟ ಇರಬಹುದು, ಪಿಸ್ಟನ್ ಲೋಹ ಯಾವುದು ಅಂತ ಬರೆದಿರಲ್ಲ. ಜತೆಗೆ ಚೇತಕ್‌ನ ಎಲ್ಲಾ ಮಾಡೆಲ್ ವೆಸ್ಪಾ ಅಳತೆಗೆ ಕೂಡ್ತವೆ ಅಂತ ನಂಬೋದೂ ತಪ್ಪು. ಕಿಟ್ ಕೊಳ್ಳೋ ಮೊದಲು ಹಳೇ ಬ್ಲಾಕ್ ಬಿಚ್ಚಿ ಕಿಂಡಿಗಳನ್ನ ಹೋಲಿಸಿ ನೋಡಬೇಕು.

ಸುಮ್ಮನೆ ಬೋರ್ ಮಾಡಿಸಿದರೆ ಪವರ್ ಬರುತ್ತೆ ಅನ್ನೋ ಮಾತೂ ಇದೆ. 57ರಿಂದ 58 ಮಿ.ಮೀ. ಮಾಡಿದರೂ ಸಿಗೋದು ಬರೀ 5 ಸಿಸಿ. ಸವೆದ ಬೋರ್ ಹೊಸದಾಗಿದ್ದಕ್ಕೆ ಗಾಡಿ ಜಗ್ಗುತ್ತೆ, ಸಿಸಿ ಹೆಚ್ಚಿದ್ದಕ್ಕಲ್ಲ.

ಸದ್ದು ಮಾಡೋ ಎಕ್ಸ್‌ಪಾನ್ಷನ್ ಸೈಲೆನ್ಸರ್ ಹಾಕಿದರೆ ಜೋರು ಬರೋದು ಹೆಚ್ಚು ಆರ್‌ಪಿಎಂನಲ್ಲಿ ಮಾತ್ರ. ಮಾನ್ವಿ ಸಂತೆಗೆ ಇಬ್ಬರು ಕೂತು ನಿಧಾನ ಹೋಗೋ ಗಾಡಿಗೆ ಕೆಳಗಿನ ಜಗ್ಗು ಇನ್ನೂ ಕಮ್ಮಿಯಾಗುತ್ತೆ. ಹಳೇ ಸೈಲೆನ್ಸರ್ ಒಳಗೆ ಕೂತ ಇಂಗಾಲ ತೆಗೆಸಿದರೆ ಸಿಗೋ ಪಿಕಪ್ಪೇ ಬಹಳ ಜನಕ್ಕೆ ಸಾಕಾಗುತ್ತೆ, ಖರ್ಚೂ ಇಲ್ಲ.

ಇದರಲ್ಲಿ ಧೈರ್ಯವಾಗಿ ಹಾಕಿಸಬಹುದಾದ್ದು ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್, ಸಿಡಿಐ. ಸಿಬಿ ಪಾಯಿಂಟ್ ಸವೆಯುತ್ತೆ, ಈಗಿನ ಕಂಡೆನ್ಸರ್‌ಗಳಲ್ಲಿ ಬಾಳಿಕೆ ಇಲ್ಲ, ಬಿಸಿಯಾದ ಕೂಡಲೇ ಕರೆಂಟ್ ಬಿಟ್ಟುಬಿಡ್ತವೆ. ಬಜಾಜ್ ಕಂಪನಿಯೇ ಆಮೇಲಿನ ಮಾಡೆಲ್‌ಗಳಿಗೆ ಎಲೆಕ್ಟ್ರಾನಿಕ್ ಕೊಟ್ಟಿತ್ತು. ಹಾಗಾಗಿ ಇದು ಹೊರಗಿನ ಕಿತಾಪತಿ ಅಲ್ಲ. ನೋಡಬೇಕಾದ್ದು ಎರಡು. ಹೊಸ ಮ್ಯಾಗ್ನೆಟ್ಟಿನ ಒಳಗಿನ ಇಳಿಜಾರು ಕ್ರ್ಯಾಂಕಿನ ತುದಿಗೆ ಪೂರ್ತಿ ಕೂಡಬೇಕು. ಕೂಡದಿದ್ದರೆ ಅರ್ಧಚಂದ್ರದ ಕೀ ಕತ್ತರಿಸಿ, ಕ್ರ್ಯಾಂಕ್ ತುದಿ ಹಾಳಾಗುತ್ತೆ. ಮತ್ತೆ, ಹಾಕಿದ ಮೇಲೆ ಟೈಮಿಂಗನ್ನ ಲೈಟ್ ಹಿಡಿದು ನೋಡಬೇಕು, ಅಂದಾಜಿನ ಮೇಲೆ ಬಿಡಬಾರದು. ಟೈಮಿಂಗ್ ಮುಂದೆ ಹೋದರೆ ಕಿಣಿಕಿಣಿ ಹೊಡೆತ ಬಿದ್ದು ಪಿಸ್ಟನ್ ತಲೆ ಸುಡುತ್ತೆ.

ಮ್ಯಾಗ್ನೆಟ್ ಅಂದ ಮೇಲೆ ಇನ್ನೊಂದು. ಚೇತಕ್‌ಗೆ ಮುಂದಿನಿಂದ ಗಾಳಿ ತಾಗಲ್ಲ. ಇಂಜಿನ್ ತಣ್ಣಗಿಡೋದು ಮ್ಯಾಗ್ನೆಟ್ ಮೇಲಿನ ರೆಕ್ಕೆಗಳು. ಆ ಗಾಳಿಯನ್ನ ಬ್ಲಾಕಿನ ಕಡೆ ತಿರುಗಿಸೋದು ಅದರ ಮೇಲಿನ ತಗಡಿನ ಮುಚ್ಚಳ. ಅಂದಕ್ಕೆ ಅಂತ ಆ ಮುಚ್ಚಳ ತೆಗೆದು ಓಡಿಸೋ ಗಾಡಿಗಳು ರಾಯಚೂರಿನಲ್ಲಿ ಕಾಣ್ತವೆ. ರೆಕ್ಕೆ ಮುರಿದ ಮ್ಯಾಗ್ನೆಟ್ಟನ್ನ ಹಾಗೇ ಹಾಕಿಕೊಂಡವರೂ ಇದ್ದಾರೆ. ಬ್ಲಾಕಿನ ಪದರಗಳ ನಡುವೆ ಎರೆಮಣ್ಣಿನ ಧೂಳು, ಜಿನ್ನಿಂಗ್ ಮಿಲ್ ಹತ್ತಿರದವರಿಗೆ ಹತ್ತಿ ನಾರು, ಎಣ್ಣೆ ಜಿಡ್ಡಿಗೆ ಕೂಡಿ ಗಟ್ಟಿಯಾಗಿ ಕೂತಿರುತ್ತೆ. ಸೀಮೆಎಣ್ಣೆ ಹಾಕಿ ಬ್ರಷ್ ಹೊಡೆದರೆ ಹೋಗುತ್ತೆ. ಇಟಲಿ ಕಿಟ್ ಹಾಕೋ ಮುಂಚೆ ಇದೊಂದು ಮಾಡಬಹುದು.

ಆರ್‌ಟಿಒ ಏನನ್ನುತ್ತೆ

ಆರ್‌ಸಿಯಲ್ಲಿ ಸಿಸಿ ಬರೆದಿರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ. 2019ರ ತಿದ್ದುಪಡಿಯ 182ಎ(4) ಕಲಂನಲ್ಲಿ ಇಂಥ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸವೆದ ಬೋರ್ ಸರಿ ಮಾಡಿಸೋದು ರಿಪೇರಿ. 145ರ ಜಾಗದಲ್ಲಿ 177 ಮಾಡೋದು ರಿಪೇರಿ ಅಲ್ಲ. ಅಪಘಾತ ಆದಾಗ ವಿಮೆ ಕಂಪನಿಗೆ ತಕರಾರು ತೆಗೆಯೋಕೂ ಇದು ದಾರಿ ಮಾಡಿಕೊಡುತ್ತೆ. ಕೆಎ-36 ಗಾಡಿಗಳ ನೋಂದಣಿ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣಕ್ಕೆ ಹೋಗುವಾಗ ಗಾಡಿಯನ್ನ ನೋಡಿಯೇ ಬಿಡ್ತಾರೆ.

2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ ಅಪ್ಪನ ಗಾಡಿ ಇಟ್ಟುಕೊಂಡವರಿಗೆ ಮುಖ್ಯ. 50 ವರ್ಷ ದಾಟಿದ ದ್ವಿಚಕ್ರ ವಾಹನವನ್ನ ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 1972ರ ಚೇತಕ್‌ಗೆ 2022ರಲ್ಲೇ 50 ತುಂಬಿತು. ಹಳೇ ಬ್ಲಾಕ್, ಹಳೇ ಕಾರ್ಬೊರೇಟರ್‌ಗಳನ್ನ ಗುಜರಿಗೆ ಹಾಕೋ ಮುಂಚೆ ಇದು ನೆನಪಿರಲಿ.

ಅಂಗಡಿಯವರ ಜವಾಬ್ದಾರಿ

'ಒರಿಜಿನಲ್ ಐತೇನ್ರಿ?' ಅಂತ ಗಿರಾಕಿ ಕೇಳ್ತಾರೆ, 'ಫಸ್ಟ್ ಕ್ವಾಲಿಟಿ ಐತ್ರಿ' ಅಂತ ಉತ್ತರ ಬರುತ್ತೆ. ಇಬ್ಬರೂ ಬೇರೆ ಬೇರೆ ಮಾತಾಡಿದ ಹಾಗೆ. ಕೇಳಬೇಕಾದ್ದು ಮಾಡಿದವರು ಯಾರು ಅಂತ. ಪ್ಯಾಕೆಟ್ ಮಾಲಿನ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ ಇರಲೇಬೇಕು ಅಂತ 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುತ್ತೆ. ಬರೀ 'ಚೇತಕ್ ಪಿಸ್ಟನ್, 0.50' ಅಂತ ಮಾತ್ರ ಇದ್ದ ಡಬ್ಬಿಯನ್ನ ತರಿಸೋದೇ ತಪ್ಪು.

ಬಹಳ ಅಂಗಡಿಯವರಿಗೆ ಗೊತ್ತಿಲ್ಲದ ಒಂದು ಮಾತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸಾಮಾನಿನ ದೋಷದಿಂದ ಪೆಟ್ಟಾದರೆ ಪರಿಹಾರ ಕೇಳೋ ಹಕ್ಕಿದೆ. ಸಾಮಾನ್ಯವಾಗಿ ಅದು ತಯಾರಕರ ಮೇಲೆ ಬೀಳುತ್ತೆ. ಆದರೆ ತಯಾರಕರು ಯಾರು ಅಂತಲೇ ಗೊತ್ತಾಗದಿದ್ದರೆ, ಮಾರಿದವರೇ ಆ ಜಾಗದಲ್ಲಿ ನಿಲ್ಲಬೇಕಾಗುತ್ತೆ. ಹೆಸರಿಲ್ಲದ ಡಬ್ಬಿಯಲ್ಲಿ ಸಿಗೋ ನಾಲ್ಕು ಕಾಸು ಲಾಭಕ್ಕೆ ಅಂಗಡಿಯವರು ಹೊತ್ತುಕೊಳ್ಳೋ ಭಾರ ಇದು. ಬೇರೆಯವರ ಬ್ರ್ಯಾಂಡ್ ನಕಲು ಮಾಡಿದ ಮಾಲು ಗೊತ್ತಿದ್ದೂ ಮಾರಿದರೆ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಜೈಲು ಶಿಕ್ಷೆಯೂ ಇದೆ.

ಗಿರಾಕಿಗಳ ಕಡೆ ತಪ್ಪು ಒಂದೇ, ಬಿಲ್ ಬೇಡ ಅನ್ನೋದು. ಜಿಎಸ್‌ಟಿ ಉಳೀತದೆ ಅಂತ ಚೀಟಿಯಲ್ಲೇ ವ್ಯವಹಾರ ಮುಗಿಸ್ತಾರೆ. ವಾಹನ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ, ಹಾಗಾಗಿ ಆ ನೆಪವೂ ಈಗ ಮೊದಲಿನಷ್ಟು ಗಟ್ಟಿಯಿಲ್ಲ. ಬಿಲ್‌ನಲ್ಲಿ ಬ್ರ್ಯಾಂಡ್ ಹೆಸರು, ಸೈಜ್ ಬರೆಸಿ. ಡಬ್ಬಿ, ತೆಗೆದ ಹಳೇ ಪಿಸ್ಟನ್, ಎರಡನ್ನೂ ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳಿ. ಲೇತ್‌ನವರಿಂದಲೂ ಬೋರ್ ಅಳತೆಯನ್ನ ಒಂದು ಚೀಟಿಯಲ್ಲಿ ಬರೆಸಿಕೊಂಡರೆ, ಮುಂದೆ ತಪ್ಪು ಯಾರದು ಅನ್ನೋ ಜಗಳ ಅಲ್ಲಿಗೇ ಮುಗಿಯುತ್ತೆ.

ಹಾಕಿಸಿದ ಮೇಲೆ ಮೊದಲ 500 ಕಿ.ಮೀ.

ಹೊಸ ಪಿಸ್ಟನ್ ಹಾಕಿಸಿದ ಮೊದಲ 500 ಕಿ.ಮೀ. ವೇಗ 40ರ ಒಳಗಿರಲಿ. ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಒಂದೇ ಉಸಿರಿಗೆ ಹೋಗಬೇಡಿ. ಎರಡೂ ಹೆಚ್ಚೂ ಕಮ್ಮಿ 50 ಕಿ.ಮೀ. ದಾರಿ, ನಡುವೆ ಎಲ್ಲಾದರೂ ನಿಲ್ಲಿಸಿ ಚಹಾ ಕುಡಿದು ಹೋಗಿ. ಡಬಲ್ ಸವಾರಿ, ಭಾರದ ಚೀಲ ಆ ದಿನಗಳಲ್ಲಿ ಬೇಡ. ಒಂದೇ ವೇಗದಲ್ಲಿ ಎಳೆಯೋದಕ್ಕಿಂತ ಎಕ್ಸಲರೇಟರ್ ಆಗಾಗ ಏರಿಸಿ ಇಳಿಸೋದು ಒಳ್ಳೇದು. ಇಳಿಜಾರಿನಲ್ಲಿ ಎಕ್ಸಲರೇಟರ್ ಪೂರ್ತಿ ಮುಚ್ಚಿ ಗೇರಿನ ಮೇಲೇ ಬಿಟ್ಟರೆ ಪಿಸ್ಟನ್‌ಗೆ ಎಣ್ಣೆ ಹೋಗಲ್ಲ, ಏಕೆಂದರೆ ಎಣ್ಣೆ ಬರೋದೇ ಪೆಟ್ರೋಲಿನ ಜತೆ.

ಆ ದಿನಗಳಲ್ಲಿ ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರಲಿ. ಸದ್ದು ಕುಗ್ಗಿದ, ಗಾಡಿ ಜಗ್ಗಿದ ಕೂಡಲೇ ಬ್ರೇಕಿಗಿಂತ ಮೊದಲು ಕ್ಲಚ್ ಹಿಡಿಯಬೇಕು. ಹಿಡಿದರೆ ಗಾಲಿ ಬಿಡುತ್ತೆ, ಗಾಡಿ ಉರುಳಿಕೊಂಡು ಬದಿಗೆ ಬರುತ್ತೆ. ಅರ್ಧ ಗಂಟೆ ತಣ್ಣಗಾದ ಮೇಲೆ ಬಹಳ ಸಲ ಕಿಕ್ಕಿಗೆ ಮತ್ತೆ ಶುರುವಾಗುತ್ತೆ. ಶುರುವಾಯ್ತು ಅಂತ ಹಾಗೇ ಮುಂದೆ ಹೋಗದೇ ನಿಧಾನ ಗ್ಯಾರೇಜಿಗೆ ತಂದು ಬ್ಲಾಕ್ ಬಿಚ್ಚಿಸಿ. ಪಿಸ್ಟನ್ ಮೇಲೆ ಸುತ್ತಲೂ ಗೀರಿದ್ದರೆ ಸಂದಿಯ ಲೆಕ್ಕ ತಪ್ಪಿರೋ ಸಾಧ್ಯತೆ ಹೆಚ್ಚು. ಸೈಲೆನ್ಸರ್ ಕಡೆಗೆ ಮಾತ್ರ ಗೀರಿದ್ದರೆ ಪೆಟ್ರೋಲು ಕಮ್ಮಿ ಬರುತ್ತಿದೆ, ಜೆಟ್ ಮತ್ತು ಮ್ಯಾಗ್ನೆಟ್ ಕಡೆಯ ಸೀಲ್ ನೋಡಿಸಿ. ಬಿಚ್ಚಿದ ತಕ್ಷಣ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಮಾಲಿನದೇ ದೋಷ ಅಂತಾದರೆ ಬಿಲ್, ಡಬ್ಬಿ, ಫೋಟೊ ಸಮೇತ ಮೊದಲು ಅಂಗಡಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೇ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರನ್ನ ಇಡಲೇಬೇಕು ಅಂತಲೂ ಇಲ್ಲ.